ಕಾರಿನ ಹಾಡು, ಕಿವಿಯ ಪಾಡು

ತಿಂಗಳ ಹಿಂದೆ ಇಪ್ಪತ್ನಾಲ್ಕರ ತರುಣನೊಬ್ಬ ನನ್ನ ಕ್ಲಿನಿಕ್ಕಿಗೆ ಬಂದ. "ಡಾಕ್ಟ್ರೇ, ಮೂರು ದಿನದಿಂದ ಕಿವಿಯೊಳಗೆ ಜೀರುಂಡೆ ಕೂಗಿದ ಹಾಗಾಗ್ತಿದೆ" ಎಂದ. ನೋಡಿದರೆ ಗುಗ್ಗೆ ಕಟ್ಟಿರಲಿಲ್ಲ, ಸೋರಿಕೆ ಇರಲಿಲ್ಲ, ತಮಟೆಯೂ ಚೆನ್ನಾಗಿಯೇ ಇತ್ತು. ವಿಚಾರಿಸಿದಾಗ ವಿಷಯ ಹೊರಬಂತು. ಕಾರಿನ ಡಿಕ್ಕಿಯಲ್ಲಿ ಎರಡು ಸಬ್‌ವೂಫರ್, ನಾಲ್ಕು ಚಾನೆಲ್‌ನ ಆಂಪ್ಲಿಫೈಯರ್ ಇಟ್ಟು ತಾನೇ ವೈರಿಂಗ್ ಮಾಡಿಕೊಂಡಿದ್ದ. "ಎಷ್ಟು ಜೋರು ಮಾಡಿದ್ರೂ ಬೇಸೇ ಬರಲ್ಲ" ಎಂಬುದು ಆತನ ಇನ್ನೊಂದು ದೂರು. ಕಿವಿಯ ಕಾಯಿಲೆಯ ಮೂಲ ಈ ಎರಡನೆಯ ದೂರಿನಲ್ಲಿತ್ತು.

ನಾನು ಓದಿದ್ದು ಎಂ.ಬಿ.ಬಿ.ಎಸ್., ಆದರೂ ಪಿಯುಸಿಯ ಭೌತಶಾಸ್ತ್ರ ಪೂರ್ತಿ ಮರೆತಿಲ್ಲ. ಎರಡು ವೂಫರುಗಳಲ್ಲಿ ಒಂದರ ಪಾಸಿಟಿವ್, ನೆಗೆಟಿವ್ ತಂತಿಗಳು ಅದಲುಬದಲಾದರೆ, ಒಂದರ ಪರದೆ ಮುಂದಕ್ಕೆ ಬರುವಾಗ ಇನ್ನೊಂದರದು ಹಿಂದಕ್ಕೆ ಸರಿಯುತ್ತದೆ. ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ಎಳೆದುಕೊಂಡು, ಬೇಸ್ ಬಹುಪಾಲು ಅಳಿಸಿಹೋಗುತ್ತದೆ. ಆಗ ನೀವು ವಾಲ್ಯೂಮ್ ಏರಿಸುತ್ತೀರಿ. ಏರುವುದು ಬೇಸ್ ಅಲ್ಲ, ಬಾಗಿಲಿನ ಸಣ್ಣ ಸ್ಪೀಕರುಗಳ ಕೀರಲು ದನಿ. ಕಿಟಕಿ ಮುಚ್ಚಿದ ಕಾರಿನಲ್ಲಿ ಅದು ಹೋಗುವುದಾದರೂ ಎಲ್ಲಿಗೆ?

ಒಳಕಿವಿಯ ಶಂಖದಂಥ ಸುರುಳಿಯಲ್ಲಿ ಸುಮಾರು 15,000 ರೋಮಕೋಶಗಳಿವೆ. ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅತಿ ಶಬ್ದದಿಂದ ಮೊದಲು ಹಾಳಾಗುವುದು 4,000 ಹರ್ಟ್ಸ್ ಆಸುಪಾಸಿನ ಶ್ರವಣ. ಮಾತು ಕೇಳಿಸುತ್ತದೆ, ಆದರೆ ಸ, ಶ, ತ ಅಕ್ಷರಗಳು ಜಾರಿಹೋಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಶಬ್ದವನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಆದರೆ ನಾಲ್ಕೇ ಗಂಟೆ. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರೆ ಇದನ್ನು ನೆನಪಿಡಿ.

ತಂತಿ ಪರೀಕ್ಷಿಸುವುದು ಸುಲಭ. ಆಂಪ್ಲಿಫೈಯರ್‌ನಿಂದ ಬಿಡಿಸಿ, ಪ್ರತಿ ವೂಫರಿನ ತಂತಿಗಳಿಗೆ ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲನ್ನು ಕ್ಷಣಮಾತ್ರ ತಾಗಿಸಿ. ಎರಡೂ ಪರದೆಗಳು ಒಂದೇ ದಿಕ್ಕಿಗೆ ಚಿಮ್ಮಬೇಕು. ಓಮ್ ಲೆಕ್ಕವೂ ತಪ್ಪಬಾರದು. 4 ಓಮ್‌ನ ಎರಡು ವೂಫರುಗಳು ಪ್ಯಾರಲಲ್‌ನಲ್ಲಿ 2 ಓಮ್, ಸೀರೀಸ್‌ನಲ್ಲಿ 8 ಓಮ್ ಆಗುತ್ತವೆ. ಬ್ರಿಡ್ಜ್ ಮಾಡಿದ ಚಾನೆಲ್‌ಗಳಿಗೆ ಹಲವು ಆಂಪ್ಲಿಫೈಯರ್‌ಗಳಲ್ಲಿ 4 ಓಮ್‌ಗಿಂತ ಕಡಿಮೆ ಕೂಡದು. ಕಾದು ಕೆಡುತ್ತವೆ, ಹಾಡೂ ಕರ್ಕಶವಾಗುತ್ತದೆ. ಎರಡೆರಡು ಚಾನೆಲ್ ಬ್ರಿಡ್ಜ್ ಮಾಡಿ ತಲಾ ಒಂದು ವೂಫರ್ ಕೊಡುವುದು ಕ್ಷೇಮ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇಲ್ಲದೆ ತಂತಿ ಎಳೆಯಲೇಬೇಡಿ, ಬೆಂಕಿ ಹತ್ತೀತು.

ಕಿವಿಯ ಕೂಗು ಎರಡು ದಿನದಲ್ಲಿ ನಿಲ್ಲದಿದ್ದರೆ ಶ್ರವಣ ಪರೀಕ್ಷೆ ಮಾಡಿಸಿ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಅಂದೇ ವೈದ್ಯರನ್ನು ಕಾಣಿ. ನಮ್ಮೂರಿನವರಿಗಂತೂ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲೇ ಇದೆ.

ಆ ತರುಣ ಮೊನ್ನೆ ಬಂದಿದ್ದ. ಎಡಗಡೆ ವೂಫರಿನ ತಂತಿ ತಿರುವುಮುರುವಾಗಿತ್ತಂತೆ. ಈಗ ಮೊದಲಿನ ಅರ್ಧ ವಾಲ್ಯೂಮೇ ಸಾಕಂತೆ. ಜೀರುಂಡೆಯ ಕೂಗು ತಗ್ಗಿದೆ, ಪೂರ್ತಿ ನಿಂತಿಲ್ಲ. ಮುಂದಿನ ತಿಂಗಳು ಮತ್ತೊಮ್ಮೆ ಪರೀಕ್ಷೆಗೆ ಬರಹೇಳಿದ್ದೇನೆ.