ಮಗ ಒಬ್ಬ, ತಾರೀಖು ನಾಲ್ಕು

ಸಾಂಗಲಿ ಜೈಲಿಗೆ ನಾನು ಹೋದದ್ದು ಒಂದು ಗೋಡೆ ನೋಡಲು. ಗಣೇಶದುರ್ಗದೊಳಗಿನ ಈ ಜೈಲಿನಿಂದ 1943ರ ಜುಲೈ 24ರಂದು ವಸಂತದಾದಾ ಪಾಟೀಲರು ಸಂಗಡಿಗರೊಂದಿಗೆ ತಪ್ಪಿಸಿಕೊಂಡರು. ದಾದಾ ಅವರ ಹೆಗಲಿಗೆ ಗುಂಡು ಬಿತ್ತು. ಅಣ್ಣಾಸಾಹೇಬ ಪತ್ರಾವಳೆ, ಬಾಬುರಾವ್ ಜಾಧವ್ ಹುತಾತ್ಮರಾದರು. ಆ ಕೈದಿಯೇ ಮುಂದೆ ಮಹಾರಾಷ್ಟ್ರದ ಮುಖ್ಯಮಂತ್ರಿಯಾದ ಕಥೆ ಗಡಿಯ ಈಚೆಗೂ ಗೊತ್ತಿದ್ದದ್ದೇ.

ಗೋಡೆ ಅಲ್ಲೇ ಉಳಿಯಿತು. ಬಾಗಿಲ ಬಳಿ ಕುಕ್ಕುರುಗಾಲಲ್ಲಿ ಕೂತಿದ್ದ ಮುದುಕನೊಬ್ಬ, ನಾನು ಫೋನಿನಲ್ಲಿ ಆಡಿದ ಕನ್ನಡ ಕೇಳಿ ಎದ್ದು ಬಂದ. ಅಥಣಿ ಕಡೆಯವ. "ಮಗಾ ಒಬ್ಬನ ಅದಾನ್ರೀ, ತಾರೀಖು ನಾಕು" ಎಂದು ಕಿಸೆಯಿಂದ ಬೆವರಿಗೆ ಮೆತ್ತಗಾದ ಚೀಟಿ ತೆಗೆದ. ಮಿರಜದಲ್ಲಿ ಎರಡು, ಸಾಂಗಲಿಯಲ್ಲಿ ಒಂದು, ಅಥಣಿಯಲ್ಲಿ ಒಂದು. ನಾಲ್ಕೂ ಮೋಟರ್‌ಸೈಕಲ್ ಕಳವಿನ ಆರೋಪ, ಎಲ್ಲ ಒಂದೇ ವರ್ಷದೊಳಗಿನವು. ಮಗ ಇನ್ನೂ 'ಕಚ್ಚಾ ಕೈದಿ', ಅಂದರೆ ವಿಚಾರಣಾಧೀನ. "ಎಲ್ಲಾ ಒಂದ ಗಂಟ ಕಟ್ಟಿ ಒಮ್ಮೆ ತೀರಸಾಕ ಬರೂದಿಲ್ಲೇನ್ರೀ?"

ಈ ಪ್ರಶ್ನೆಗೆ ಹೌದು, ಅಲ್ಲ ಎರಡೂ ಉತ್ತರವೇ. 1973ರ ದಂಡ ಪ್ರಕ್ರಿಯಾ ಸಂಹಿತೆಯ ಪ್ರಕಾರ ಅಪರಾಧಕ್ಕೊಂದು ದೋಷಾರೋಪ, ದೋಷಾರೋಪಕ್ಕೊಂದು ವಿಚಾರಣೆ. ಹನ್ನೆರಡು ತಿಂಗಳೊಳಗಿನ ಒಂದೇ ಬಗೆಯ ಅಪರಾಧಗಳಾದರೆ ಮೂರರವರೆಗೆ ಜೋಡಿಸಬಹುದು. ಮೂರೇ ಏಕೆ? ಈ ಅಂಕಿ ನನ್ನನ್ನು ವಾರಗಟ್ಟಲೆ ಕಾಡಿತು. 1898ರ ಸಂಹಿತೆಯಲ್ಲೂ ಮೂರೇ. ಮದ್ರಾಸಿನ ಸುಬ್ರಹ್ಮಣ್ಯ ಅಯ್ಯರ್ ಎಂಬವರ ಮೇಲೆ ಎರಡು ವರ್ಷಗಳಲ್ಲಿ ಹರಡಿದ 41 ಕೃತ್ಯಗಳನ್ನು ಒಂದೇ ವಿಚಾರಣೆಯಲ್ಲಿ ಹೇರಿದ್ದರು. 1901ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಇಡೀ ವಿಚಾರಣೆಯನ್ನೇ ಅಕ್ರಮವೆಂದು ತೆಗೆದುಹಾಕಿತು. ನಲವತ್ತೊಂದು! ಅಷ್ಟನ್ನು ಒಟ್ಟಿಗೆ ಕೇಳಿದವನಿಗೆ ಆರೋಪಿ ನಿರಪರಾಧಿಯೆಂದು ಅನ್ನಿಸುವುದಾದರೂ ಹೇಗೆ? ಒಂದೊಂದೂ ಸುಳ್ಳಿರಬಹುದು, ರಾಶಿ ಮಾತ್ರ ನಿಜವೆನಿಸುತ್ತದೆ. ಮೂರರ ಗೆರೆ ಎಳೆದದ್ದು ಆ ಭಯಕ್ಕೇ ಇರಬೇಕೆಂದು ನನ್ನ ಗುಮಾನಿ. ಮುಂದೆ 1955ರಲ್ಲಿ ವಿಲ್ಲಿ ಸ್ಲೇನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ದೋಷಾರೋಪದ ತಪ್ಪಿನಿಂದ ಆರೋಪಿಗೆ ನಿಜವಾಗಿ ಧಕ್ಕೆಯಾಗಿದೆಯೇ ಎಂಬುದನ್ನೇ ಅಳತೆಗೋಲು ಮಾಡಿತು. 2024ರ ಜುಲೈ 1ರಿಂದ 1973ರ ಸಂಹಿತೆಯ ಬದಲು ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆ ಮೂರನ್ನು ಐದು ಮಾಡಿದೆ. ಐದೇ ಏಕೆ ಎಂದು ಕೇಳುವ ಚಟ ನಾನಿನ್ನು ಬಿಡಬೇಕು.

ಮುದುಕನ ಮಗನ ಪ್ರಕರಣಗಳು ಹಳೇ ಸಂಹಿತೆಯ ಕಾಲದವು. ಅದರ 218ನೇ ಕಲಂನಲ್ಲಿ ಒಂದು ಕಿಂಡಿಯಿದೆ: ಆರೋಪಿಯೇ ಲಿಖಿತವಾಗಿ ಕೇಳಿದರೆ, ಅವನಿಗೆ ಬಾಧಕವಿಲ್ಲವೆಂದು ಮ್ಯಾಜಿಸ್ಟ್ರೇಟರಿಗೆ ಅನ್ನಿಸಿದರೆ, ಎಷ್ಟು ಆರೋಪಗಳನ್ನಾದರೂ ಕೂಡಿಸಬಹುದು. ಲಾಭವೂ ಉಂಟು. ಒಂದೇ ವಿಚಾರಣೆಯಲ್ಲಿ ಹಲವು ಶಿಕ್ಷೆಗಳು ಒಂದರ ಹಿಂದೊಂದು ಬಂದರೂ ಒಟ್ಟು 14 ವರ್ಷ ಮೀರುವಂತಿಲ್ಲ (ಹೊಸತರಲ್ಲಿ 20). ಬೇರೆಬೇರೆ ವಿಚಾರಣೆಗಳಾದರೆ ಆ ಕಟ್ಟಳೆ ಅನ್ವಯಿಸದು. ಜೊತೆಜೊತೆಗೆ ಅನುಭವಿಸಲಿ ಎಂದು ಕೋರ್ಟು ಹೇಳದಿದ್ದರೆ ಹಳೇ ಶಿಕ್ಷೆ ಮುಗಿದ ಮೇಲೇ ಹೊಸದು ಶುರು. ಆರೋಪಿಯ ರಕ್ಷಣೆಗೆಂದು ಬಿಡಿಸಿಟ್ಟ ಪ್ರಕರಣಗಳೇ ಹೀಗೆ ಅವನ ಕಾಲಿಗೆ ತೊಡರುತ್ತವೆ.

ಆದರೆ ಅಥಣಿ? ಜೋಡಿಸಬಹುದಾದ ಅಪರಾಧಗಳನ್ನು ಅವುಗಳಲ್ಲೊಂದನ್ನು ವಿಚಾರಿಸಬಲ್ಲ ಯಾವ ಕೋರ್ಟಾದರೂ ಕೈಗೆತ್ತಿಕೊಳ್ಳಬಹುದೆಂದು 184ನೇ ಕಲಂ ಉದಾರವಾಗಿ ಹೇಳುತ್ತದೆ. ಆಗಲೇ ಅಥಣಿಯಲ್ಲಿ ಕೂತಿರುವ ಮೊಕದ್ದಮೆಯನ್ನು ಮಿರಜಕ್ಕೆ ಎತ್ತಿ ತರುವ ಮಾತೇ ಬೇರೆ. ನಡುವೆ ರಾಜ್ಯದ ಗಡಿಯಿದೆ, ವರ್ಗಾವಣೆಗೆ ಸುಪ್ರೀಂ ಕೋರ್ಟೇ ಬೇಕು. ಮಿರಜದ ದವಾಖಾನೆಗೆ ಬೆಳಿಗ್ಗೆ ಹೋಗಿ ಸಂಜೆ ಮರಳುವ ಊರಿನವರು ಈ ಒಂದು ಕಾಗದಕ್ಕೆ ದಿಲ್ಲಿ ಹತ್ತಬೇಕು.

ಇಷ್ಟೆಲ್ಲ ನಾನು ಹೇಳುವಾಗ ಮುದುಕ ತಲೆಯಾಡಿಸುತ್ತಲೇ ಇದ್ದ. ಕೊನೆಗೆ ಚೀಟಿ ನನ್ನ ಕೈಗಿಟ್ಟು ಮುಂದಿನ ತಾರೀಖು ಓದಿ ಹೇಳೆಂದ. ಮಿರಜದ್ದೂ ಅಥಣಿಯದ್ದೂ ಒಂದೇ ದಿನ ಬಿದ್ದಿದ್ದವು.

"ಹಂಗಾದ್ರ ನಾ ಯಾವ ಕೋರ್ಟಿಗೆ ಹೋಗ್ಲಿರೀ?" ಎಂದ.