ಸಿದ್ದಾಪುರದ ಅಕ್ಕಿ ಬಂದರಿನಲ್ಲಿ ನಿಲ್ಲದಿರಲಿ: ಕಸ್ಟಮ್ಸ್ ವೆಚ್ಚ, ವಿಳಂಬ ತಗ್ಗಿಸುವುದು ಹೇಗೆ?

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಸಿದ್ದಾಪುರ, ಕಾರಟಗಿ, ಗಂಗಾವತಿ ಭಾಗದಲ್ಲಿ ಭತ್ತ ಮತ್ತು ಅಕ್ಕಿ ವ್ಯಾಪಾರವನ್ನೇ ನಂಬಿದ ಕುಟುಂಬಗಳು ಬಹಳ. ಇಲ್ಲಿಯ ಸೋನಾ ಮಸೂರಿಯನ್ನು ಹೊರದೇಶಕ್ಕೆ ಕಳಿಸಬೇಕೆಂದರೆ ಬಂದರು ನೂರಾರು ಕಿ.ಮೀ. ದೂರ. ಅಲ್ಲಿ ಕಂಟೇನರ್ ನಿಂತರೆ ಡೆಮರೇಜ್, ಕಂಟೇನರ್ ಬಾಡಿಗೆ, ಬ್ಯಾಂಕ್ ಬಡ್ಡಿ ಮೂರೂ ಏರುತ್ತವೆ.

ಒಂದು ದಿನ ತಡವಾದರೆ

2023ರ ಜುಲೈ 20ರಂದು ಕೇಂದ್ರವು ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಅಷ್ಟರೊಳಗೆ ಹಡಗಿಗೆ ತುಂಬಲು ಆರಂಭಿಸಿದ್ದ ಅಥವಾ ಕಸ್ಟಮ್ಸ್‌ಗೆ ಒಪ್ಪಿಸಿ ನೋಂದಾಯಿಸಿದ್ದ ಸರಕಿಗೆ ವಿನಾಯಿತಿ ಸಿಕ್ಕಿತು. ದಾಖಲೆ ಹಿಂದೆ ಬಿದ್ದವರಿಗೆ ಆ ಬಾಗಿಲು ಮುಚ್ಚಿತು. ನಿಷೇಧ ತೆರವಾದದ್ದು 2024ರ ಸೆಪ್ಟೆಂಬರ್ 28ಕ್ಕೆ.

ರಫ್ತುದಾರರು ಗಮನಿಸಬೇಕಾದದ್ದು

1. ದಾಖಲೆ: 2015ರಿಂದ ರಫ್ತಿಗೆ ಕಡ್ಡಾಯ ದಾಖಲೆಗಳು ಮೂರೇ: ಬಿಲ್ ಆಫ್ ಲೇಡಿಂಗ್, ಪ್ಯಾಕಿಂಗ್ ವಿವರವಿರುವ ಇನ್‌ವಾಯ್ಸ್, ಶಿಪ್ಪಿಂಗ್ ಬಿಲ್. ಅಕ್ಕಿಗೆ ಇವುಗಳ ಜೊತೆ ಖರೀದಿ ದೇಶ ಕೇಳುವ ಸಸ್ಯ ಆರೋಗ್ಯ ಪ್ರಮಾಣಪತ್ರವೂ, 2025ರ ಸೆಪ್ಟೆಂಬರ್‌ನಿಂದ ಅಪೆಡಾದಲ್ಲಿ ಒಪ್ಪಂದದ ನೋಂದಣಿಯೂ ಬೇಕು. ಚೀಲದ ಸಂಖ್ಯೆ, ತೂಕ, ಖರೀದಿದಾರರ ಹೆಸರು ಎಲ್ಲ ಕಡೆ ಒಂದೇ ಇರಲಿ.

2. ಸರಕಿನ ಕೋಡ್: ಬಿಳಿ ಅಕ್ಕಿಗೂ ಕುಚ್ಚಲಕ್ಕಿಗೂ ನಿಯಮ ಬೇರೆಯಾಗಬಹುದು. 2023ರ ಆಗಸ್ಟ್‌ನಲ್ಲಿ ಬಿಳಿ ಅಕ್ಕಿಗೆ ನಿಷೇಧವಿದ್ದಾಗಲೇ ಕುಚ್ಚಲಕ್ಕಿಗೆ ಶೇ. 20ರ ರಫ್ತು ಸುಂಕ ಬಂತು. ಕೋಡ್ ತಪ್ಪಿದರೆ ಸರಕು ತಪಾಸಣೆಗೆ ಬೀಳುತ್ತದೆ.

3. ಮಿಲ್ಲಿನಲ್ಲೇ ಸೀಲ್: 2017ರಿಂದ ರಫ್ತುದಾರರು ಅನುಮತಿ ಪಡೆದು ತಮ್ಮ ಆವರಣದಲ್ಲೇ ಕಂಟೇನರ್ ತುಂಬಿ ಇ-ಸೀಲ್ ಹಾಕಬಹುದು. ಸೀಲ್ ಸರಿಯಿದ್ದು, ಸಂಶಯಕ್ಕೆ ಕಾರಣವಿಲ್ಲದಿದ್ದರೆ ಬಂದರಿನಲ್ಲಿ ಸಾಮಾನ್ಯವಾಗಿ ಮತ್ತೆ ಬಿಚ್ಚುವುದಿಲ್ಲ.

4. ವರ್ಷದ ಕೆಲಸ: ಐಇಸಿಯನ್ನು ಪ್ರತಿ ವರ್ಷ ಏಪ್ರಿಲ್–ಜೂನ್ ನಡುವೆ ಆನ್‌ಲೈನ್‌ನಲ್ಲಿ ದೃಢೀಕರಿಸಿ, ಬಿಟ್ಟರೆ ನಿಷ್ಕ್ರಿಯವಾಗುತ್ತದೆ. ಜಿಎಸ್‌ಟಿ ಮೊದಲೇ ಕಟ್ಟಿ ವಾಪಸಿಗೆ ಕಾಯುವುದನ್ನು ತಪ್ಪಿಸಲು ಪ್ರತಿ ಹಣಕಾಸು ವರ್ಷ ಎಲ್‌ಯುಟಿ ಸಲ್ಲಿಸಿ.

5. ಎಇಒ ಮಾನ್ಯತೆ: ಲೆಕ್ಕಪತ್ರ ಶುದ್ಧವಾಗಿರುವ ಸಂಸ್ಥೆಗಳಿಗೆ ಕಸ್ಟಮ್ಸ್ ಕೊಡುವ ಈ ಮಾನ್ಯತೆಯಿಂದ ತಪಾಸಣೆ ಕಡಿಮೆಯಾಗುತ್ತದೆ. ಸಣ್ಣ, ಮಧ್ಯಮ ಉದ್ದಿಮೆಗಳಿಗೆ ಅರ್ಹತೆಯ ಷರತ್ತು ಸಡಿಲವಿದೆ.

ಯಂತ್ರ ತರಿಸುವವರಿಗೆ

ಕಲರ್ ಸಾರ್ಟರ್‌ನಂಥ ಮಿಲ್ ಯಂತ್ರ ಆಮದು ಮಾಡುವವರು ಬಿಲ್ ಆಫ್ ಎಂಟ್ರಿಯನ್ನು ಸರಕು ಬರುವ ಮುಂಚೆಯೇ ಸಲ್ಲಿಸಲಿ. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000 ರೂ., ಆಮೇಲೆ ದಿನಕ್ಕೆ 10,000 ರೂ. ಶುಲ್ಕ ಬೀಳಬಹುದು. 2020ರ ಜೂನ್‌ನಲ್ಲಿ ಬೆಂಗಳೂರು ಮತ್ತು ಚೆನ್ನೈನಲ್ಲಿ ಆರಂಭವಾದ ಮುಖರಹಿತ ಪರಿಶೀಲನೆ ಈಗ ದೇಶದಾದ್ಯಂತ ಇದೆ. ನಿಮ್ಮ ಕಡತ ನೋಡುವ ಅಧಿಕಾರಿ ಬೇರೆ ಊರಿನಲ್ಲಿರುವುದರಿಂದ ಎದುರು ಕೂತು ವಿವರಿಸುವ ಅವಕಾಶವಿಲ್ಲ. ಯಂತ್ರದ ಮಾದರಿ, ಉಪಯೋಗ, ಕ್ಯಾಟಲಾಗ್ ಎಲ್ಲವನ್ನೂ ಮೊದಲೇ ಇ-ಸಂಚಿತ್‌ನಲ್ಲಿ ಹಾಕಿಬಿಡಿ.

ಲಾರಿ ಮಿಲ್ಲಿನ ಗೇಟು ದಾಟುವ ಮುಂಚೆ ಕಸ್ಟಮ್ಸ್ ಬ್ರೋಕರ್ ಜೊತೆ ಈ ಪಟ್ಟಿಯನ್ನು ಒಮ್ಮೆ ನೋಡಿಕೊಳ್ಳಿ. ಅಂದಿನ ಡಿಜಿಎಫ್‌ಟಿ ಅಧಿಸೂಚನೆಯನ್ನೂ ತಪ್ಪದೆ ಪರಿಶೀಲಿಸಿ.