ಮೋಟಾರಿನಲ್ಲಿ ಇನ್ನೊಂದು ಗಾಳದ ಕೋಲು

ಮೋಟಾರು ಇಟ್ಟುಕೊಂಡವರಿಗೆಲ್ಲ ಸ್ಟೆಪ್ನಿ ಎಂಬ ಮಾತು ಪರಿಚಿತವಾದದ್ದೇ. ವೇಲ್ಸ್ ದೇಶದ ಲನೆಲ್ಲಿ ಎಂಬ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿದ್ದ ಡೇವಿಸ್ ಸೋದರರು 1904ರಲ್ಲಿ ಕಂಡುಹಿಡಿದ ಬದಲಿ ಚಕ್ರಕ್ಕೆ ಆ ಬೀದಿಯ ಹೆಸರೇ ನಿಂತಿತು. ಅವರ ಕಂಪನಿ ಮರೆತುಹೋಯಿತು. ಹೆಸರು ಮಾತ್ರ ನಮ್ಮ ಊರೂರಿನ ಗರಾಜುಗಳಲ್ಲಿ ಉಳಿದುಕೊಂಡಿದೆ. ಸ್ಟೆಪ್ನಿಯನ್ನು ನೋಡಿಕೊಳ್ಳದೆ ನಾವಾರೂ ದೂರದ ಪ್ರಯಾಣಕ್ಕೆ ಹೊರಡುವುದಿಲ್ಲ. ಆದರೆ ಪ್ರಯಾಣವು ಯಾವ ವಸ್ತುವಿನ ಸಲುವಾಗಿಯೇ ಕೈಗೊಂಡದ್ದೋ ಆ ವಸ್ತುವಿಗೆ ಬದಲಿ ಉಂಟೇ ಎಂದು ಕೇಳಿಕೊಳ್ಳುವವರು ಕಡಮೆ. ಮೀನು ಹಿಡಿಯಲೆಂದು ನೂರಾರು ಮೈಲಿ ಹೋಗುವವರಲ್ಲಿ ಈ ಅಜಾಗ್ರತೆ ವಿಶೇಷವಾಗಿ ಕಾಣುತ್ತದೆ. ಅದನ್ನು ಕುರಿತೇ ಈ ಹೊತ್ತು ಶ್ರೋತೃಗಳೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇವೆ.

ಗಾಳವೆಂದೊಡನೆ ಮೈಸೂರು ಸೀಮೆಯವರಿಗೆ ನೆನಪಾಗುವುದು ಕಾವೇರಿ, ಕಬಿನಿಗಳ ಮಹಶೀರ್ ಮೀನು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ 120 ಪೌಂಡು ತೂಕದ ಮೀನಿನ ಮಾತು ಗಾಳಗಾರರಲ್ಲಿ ಇಂದಿಗೂ ನಡೆಯುತ್ತದೆ. ಅಂಥ ಮೀನಿಗೆ ಬಹುಮಟ್ಟಿಗೆ ಒಡ್ಡುತ್ತಿದ್ದದ್ದು ರಾಗಿ ಹಿಟ್ಟಿನ ಉಂಡೆ. ಅದಕ್ಕೆ ಬೇಕಾದದ್ದು ಗಟ್ಟಿಮುಟ್ಟಾದ ಕೋಲು. ಕಾವೇರಿಯ ವನ್ಯಧಾಮದೊಳಗೆ ನಡೆಯುತ್ತಿದ್ದ ಗಾಳದ ಶಿಬಿರಗಳು 2010ರ ದಶಕದ ಆರಂಭದಲ್ಲಿ ನಿಂತುಹೋದುವು. ನಾವು ಹೇಳಹೊರಟದ್ದು ಆ ಗಾಳವನ್ನಲ್ಲ. ಫ್ಲೈ ಎಂಬ ಬೇರೊಂದು ಬಗೆಯ ಗಾಳವನ್ನು. ಇದರ ವಿಚಾರವೂ ನಮ್ಮ ನಾಡಿಗೆ ತೀರ ಹೊಸದಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬಾತನು ಭಾರತದ ಗಾಳಗಾರಿಕೆಯನ್ನು ಕುರಿತು ಬರೆದ ಪ್ರಸಿದ್ಧ ಗ್ರಂಥ 1873ರಲ್ಲಿ ಮೊದಲು ಅಚ್ಚಾದದ್ದು ಮಂಗಳೂರಿನಲ್ಲಿ.

ಹಕ್ಕಿಯ ಗರಿ, ಮೊಲದ ರೋಮ, ರೇಷ್ಮೆಯ ನೂಲು ಇವುಗಳನ್ನು ಸಣ್ಣದೊಂದು ಕೊಕ್ಕೆಗೆ ಸುತ್ತಿ, ನೀರಿನ ಮೇಲೆ ಕುಳಿತ ಹುಳುವಿನಂತೆ ತೋರುವ ಹಾಗೆ ಕಟ್ಟಿದ ವೇಷಕ್ಕೆ ಫ್ಲೈ ಎಂದು ಹೆಸರು. ಅದಕ್ಕೆ ತೂಕವೆಂಬುದೇ ಇಲ್ಲ. ತೂಕವಿಲ್ಲದ್ದನ್ನು ಎಸೆಯುವುದು ಹೇಗೆ? ಉಪಾಯವೆಂದರೆ ದಾರಕ್ಕೇ ತೂಕ ಕೊಟ್ಟು, ಚಾಟಿ ಬೀಸುವಂತೆ ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸಿ, ಅದರ ತುದಿಯಲ್ಲಿ ಹುಳುವನ್ನು ನೀರಿಗೆ ಇಳಿಸುವುದು. ಆದ್ದರಿಂದ ಇಲ್ಲಿ ಕೋಲು ದಾರಕ್ಕೆ ತಕ್ಕಂತೆ ಬಳುಕಬೇಕು. ದಾರಗಳ ತೂಕವನ್ನು ಅಮೆರಿಕದ ತಯಾರಕರು ಸಂಖ್ಯೆಗಳಿಂದ ಗೊತ್ತುಮಾಡಿದ್ದಾರೆ. 5ನೆಯ ಸಂಖ್ಯೆಯ ದಾರವೆಂದರೆ ಅದರ ಮೊದಲ 30 ಅಡಿಗೆ 140 ಗ್ರೇನು, ಅಂದರೆ ನಮ್ಮ ಮುಕ್ಕಾಲು ತೊಲಕ್ಕಿಂತ ಚೂರು ಹೆಚ್ಚು. ಅಷ್ಟು ಹಗುರವಾದದ್ದನ್ನು 40, 50 ಅಡಿ ದೂರಕ್ಕೆ ಕಳುಹಿಸಬೇಕಾದರೆ ಕೋಲಿನ ತುದಿ ಹುಲ್ಲುಗರಿಯಂತೆ ಸಣ್ಣದಾಗಿರಬೇಕು. ಈ ಗಾಳದ ಸೊಗಸೂ ಅಲ್ಲಿಯೇ, ಅಪಾಯವೂ ಅಲ್ಲಿಯೇ.

ಫ್ಲೈಗೆ ಹೇಳಿಸಿದ ಮೀನು ಟ್ರೌಟ್. ಅದಕ್ಕೆ ತಣ್ಣೀರು ಬೇಕು. ಯೂರೋಪಿನ ಈ ಮೀನು 1900ರ ಸುಮಾರಿಗೆ ಕಾಶ್ಮೀರ ಸಂಸ್ಥಾನದ ಹೊಳೆಗಳಲ್ಲಿ ನೆಲೆಗೊಂಡಿತು. ಕೆಲವು ವರ್ಷಗಳಲ್ಲಿ ಕುಲು ಸೀಮೆಗೂ ಬಂದಿತು. ನೀಲಗಿರಿಯ ತೊರೆಗಳಿಗೆ ಅಮೆರಿಕದ ಇನ್ನೊಂದು ಜಾತಿಯ ಟ್ರೌಟನ್ನು ಬಿಟ್ಟರು.

ಕೆಲವು ವರ್ಷಗಳ ಹಿಂದೆ ನಾವೂ ನಮ್ಮ ಹಿರಿಯ ಸ್ನೇಹಿತರೊಬ್ಬರೂ ಹಿಮಾಚಲದ ತೀರ್ಥನ್ ಹೊಳೆಗೆ ಹೋಗಿದ್ದೆವು. ಚಂಡೀಗಢದವರೆಗೆ ವಿಮಾನ, ಅಲ್ಲಿಂದ ಬಾಡಿಗೆ ಮೋಟಾರು. ಸ್ನೇಹಿತರಿಗೆ ಆಗ ಅರವತ್ತೆಂಟು ವಯಸ್ಸು. ಅವರ ಕೈಯಲ್ಲಿದ್ದದ್ದು ಅವರ ತಂದೆಯವರ ಕೋಲು; ನೀಲಗಿರಿಯಲ್ಲಿ ನೌಕರಿಯಲ್ಲಿದ್ದಾಗ ಅವರು ಕೊಂಡದ್ದು. ಬಿದಿರಿನ ಆರು ಸೀಳುಗಳನ್ನು ತ್ರಿಕೋನವಾಗಿ ಹೆರೆದು, ಒಂದಕ್ಕೊಂದು ಅಂಟಿಸಿ, ಆರು ಮುಖ ಬರುವಂತೆ ಮಾಡಿದ ಕೋಲು ಅದು. ಇಂಥವಕ್ಕೆ ಒದಗುವ ಬಿದಿರು ದಕ್ಷಿಣ ಚೀನದ ಒಂದು ಜಾತಿಯದು. ವ್ಯಾಪಾರದಲ್ಲಿ ಅದನ್ನು ಟಾಂಕಿನ್ ಬಿದಿರು ಎನ್ನುವರು. ತಂದೆ ತೀರಿಕೊಂಡ ಮೇಲೆ ಆ ಕೋಲು ಎಷ್ಟೋ ಕಾಲ ಬೀರುವಿನಲ್ಲಿ ನಿಂತಿತ್ತು. ಒಮ್ಮೆಯಾದರೂ ಅದನ್ನು ನೀರಿಗೆ ಒಯ್ಯಬೇಕೆಂಬುದು ಸ್ನೇಹಿತರ ಆಸೆ.

ಮೊದಲ ದಿನ ಬೆಳಿಗ್ಗೆ ಹೊಳೆಯ ಒಂದು ತಿರುವಿನಲ್ಲಿ ಅವರು ಎರಡು ಚಿಕ್ಕ ಮೀನು ಹಿಡಿದು ನೀರಿಗೆ ಬಿಟ್ಟರು. ಇನ್ನೂ ಅರ್ಧ ಮೈಲಿ ಮೇಲಕ್ಕೆ ಹೋಗೋಣವೆಂದು ಮೋಟಾರಿಗೆ ಬಂದೆವು. ಅರ್ಧ ಮೈಲಿಗೋಸ್ಕರ ಕೋಲನ್ನು ಬಿಚ್ಚಬೇಕೇ ಎಂದು, ಜೋಡಿಸಿದ್ದಂತೆಯೇ ಸೀಟುಗಳ ಮೇಲೆ ಹಿಂದಿನಿಂದ ಮುಂದಕ್ಕೆ ಚಾಚಿ ಇಟ್ಟೆವು. ತುದಿ ಡಿಕ್ಕಿಯ ಅಂಚಿನಲ್ಲಿ ನಾಲ್ಕು ಬೆರಳಷ್ಟು ಹೊರಗೆ ಉಳಿದಿತ್ತು. ಡಿಕ್ಕಿಯ ಬಾಗಿಲನ್ನು ಮುಚ್ಚಿದವರು ನಾವೇ. ಒಣ ಕಡ್ಡಿಯೊಂದು ಮುರಿದಷ್ಟೇ ಸದ್ದಾಯಿತು.

ಸ್ನೇಹಿತರು ಒಂದು ಮಾತನ್ನೂ ಆಡಲಿಲ್ಲ. ಮುರಿದ ತುಂಡನ್ನು ಎತ್ತಿಕೊಂಡು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ಬಳಿಕ ಮೆಲ್ಲಗೆ, “ಇದಕ್ಕೆ ಇನ್ನೊಂದು ತುದಿ ಉಂಟು. ಮೈಸೂರಿನಲ್ಲಿದೆ” ಎಂದರು.

ಇಲ್ಲಿ ಶ್ರೋತೃಗಳು ಗಮನಿಸತಕ್ಕ ಸಂಗತಿಯೊಂದಿದೆ. ಹಿಂದಿನ ಕಾಲದ ಒಳ್ಳೆಯ ಬಿದಿರು ಕೋಲುಗಳನ್ನು ಎರಡೆರಡು ತುದಿಗಳೊಡನೆ ಮಾರುವುದು ವಾಡಿಕೆಯಾಗಿತ್ತು. ಕೋಲು ಎಲ್ಲಿ ಮುರಿಯುವುದೆಂಬುದು ಮಾಡಿದವನಿಗೇ ಗೊತ್ತಿತ್ತು. ಬಲ್ಲವರು ಎರಡು ತುದಿಗಳನ್ನೂ ಸರದಿಯ ಮೇಲೆ ಬಳಸುತ್ತಿದ್ದರು. ನಮ್ಮ ಸ್ನೇಹಿತರು ಹಾಳಾದೀತೆಂಬ ಭಯದಿಂದ ಚೆನ್ನಾಗಿದ್ದ ತುದಿಯನ್ನು ಮನೆಯಲ್ಲಿ ಇಟ್ಟು ಬಂದಿದ್ದರು. ಉಳಿದ ಮೂರು ದಿನ ಇಬ್ಬರಿಗೂ ನಮ್ಮದೊಂದೇ ಕೋಲು. ಬಲವಂತ ಮಾಡಿ ಅವರ ಕೈಗೆ ಕೊಟ್ಟರೆ ಅರ್ಧ ಗಂಟೆ ಬೀಸಿ ಹಿಂದಕ್ಕೆ ಕೊಡುವರು; ಆಮೇಲೆ ಬಂಡೆಯ ಮೇಲೆ ಕುಳಿತು ನೀರನ್ನು ನೋಡುವರು. ಆ ಕಣಿವೆಯಲ್ಲಿ ವಿಚಾರಿಸಿದ ಕಡೆ ಫ್ಲೈ ಕೋಲು ಮಾರುವ ಅಂಗಡಿ ಸಿಕ್ಕಲಿಲ್ಲ. ಒಬ್ಬರು ದಯವಿಟ್ಟು ಕೊಟ್ಟ ದಪ್ಪ ಕೋಲು ಫ್ಲೈಯ ದಾರಕ್ಕೆ ಬಳುಕಲೇ ಇಲ್ಲ.

ಮೀನು ಎಳೆದು ಕೋಲು ಮುರಿಯುವುದು ಅಪರೂಪ. ಅದನ್ನು ಮುರಿಯುವುದು ಮೋಟಾರಿನ ಬಾಗಿಲು, ತಂಗುವ ಕೋಣೆಯ ಬೀಸಣಿಗೆ, ಹುಲ್ಲಿನಲ್ಲಿ ಕಾಣದೆ ಇಟ್ಟ ಸ್ವಂತ ಪಾದ. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಇಂಗಾಲದ ಎಳೆಯ ಕೋಲು 1970ರ ದಶಕದಲ್ಲಿ ಬಂದದ್ದು. ಅದು ತೆಳು ಗೋಡೆಯ ಟೊಳ್ಳು ಕೊಳವೆ. ಬಾಗಿಸಿದರೆ ಆಶ್ಚರ್ಯಪಡುವಷ್ಟು ತಾಳುತ್ತದೆ. ಅಡ್ಡಲಾಗಿ ಅಮುಕಿದರೆ ಮೊಟ್ಟೆಯ ಚಿಪ್ಪು. ಬೀಸುವಾಗ ಸೀಸದ ತೂಕವುಳ್ಳ ಹುಳು ಬಡಿದು ಕಣ್ಣಿಗೆ ಕಾಣದ ಗೀರಾದರೂ ಸಾಕು, ಎಷ್ಟೋ ದಿನಗಳ ಮೇಲೆ ಅದೇ ಸ್ಥಳದಲ್ಲಿ ತುಂಡಾಗುತ್ತದೆ. ಆಗ ದೋಷ ಮೀನಿನ ಮೇಲೆ ಬರುತ್ತದೆ. ಜೋಡಣೆಯ ಕೀಲು ಸಡಿಲವಾದದ್ದನ್ನು ಗಮನಿಸದೆ ಬೀಸುವುದೂ ಒಂದು ಕಾರಣ. ತುದಿಯ ಕೊನೆಯ ಒಂದೆರಡು ಅಂಗುಲ ಮಾತ್ರ ಹೋದರೆ ಹೊಸ ತುದಿಯುಂಗುರವನ್ನು ಕಾಯಿಸಿದ ಅಂಟಿನಿಂದ ಕೂರಿಸಿಕೊಂಡು ಕೆಲಸ ನಡೆಸಬಹುದು. ನಾಲ್ಕೈದು ಅಳತೆಯ ಉಂಗುರ, ಒಂದು ಕಡ್ಡಿ ಅಂಟು, ಬೆಂಕಿಪೊಟ್ಟಣ ಇಷ್ಟನ್ನು ಡಬ್ಬಿಯಲ್ಲಿ ಇಟ್ಟುಕೊಂಡಿರುವುದು ಲೇಸು. ಗೇಣುದ್ದ ಹೋದರೆ ಅದಕ್ಕೆ ದಾರಿಯ ಮದ್ದಿಲ್ಲ.

ಹಾಗಾದರೆ ಮೋಟಾರಿನಲ್ಲಿ ಇಡತಕ್ಕ ಎರಡನೆಯ ಕೋಲು ಎಂಥದಿರಬೇಕು? ಮೊದಲನೆಯದಾಗಿ ಅದು ಅದೇ ಸಂಖ್ಯೆಯ ದಾರಕ್ಕೆ ಹೊಂದತಕ್ಕದ್ದು. ಇದ್ದ ದಾರವೇ ಎರಡಕ್ಕೂ ಒದಗಬೇಕು. ಬೆಲೆ ಕಡಮೆಯಿರಲಿ. ಬೆಲೆಬಾಳುವ ಕೋಲನ್ನು ಮೋಟಾರಿನಲ್ಲಿ ಬಿಟ್ಟುಬಂದವರ ಮನಸ್ಸು ಹೊಳೆಯಲ್ಲಿ ನಿಲ್ಲುವುದಿಲ್ಲ; ಸಾರಿಸಾರಿಗೂ ರಸ್ತೆಯ ಕಡೆಗೆ ತಿರುಗುತ್ತದೆ. 9 ಅಡಿಯ ಕೋಲು ನಾಲ್ಕು ತುಂಡಾಗಿದ್ದರೆ ಸುಮಾರು 30 ಅಂಗುಲದ ಗಟ್ಟಿ ಕೊಳವೆಯಲ್ಲಿ ಅಡಗಿ, ಬಹುಮಟ್ಟಿನ ಮೋಟಾರುಗಳ ಡಿಕ್ಕಿಯಲ್ಲಿ ಅಡ್ಡಲಾಗಿ ಮಲಗುತ್ತದೆ. ಎರಡನೆಯ ಮಹಾಯುದ್ಧದ ತರುವಾಯ ಬಳಕೆಗೆ ಬಂದ ಗಾಜಿನೆಳೆಯ ಕೋಲುಗಳನ್ನು ಹಳೆಯ ಕಾಲದವೆಂದು ಕೆಲವರು ಕಡೆಗಣಿಸುತ್ತಾರೆ. ಏಟು ತಡೆಯುವುದರಲ್ಲಿ ಅವು ಇಂಗಾಲದವಕ್ಕಿಂತ ಮೇಲು, ನಮ್ಮ ಮತ ಅವುಗಳ ಕಡೆಗೇ. ಜಪಾನಿನವರ ತೆಂಕರ ಎಂಬ ಕೋಲು ಒಂದರೊಳಗೊಂದು ಸರಿದು ಮೊಳದಷ್ಟಾಗುತ್ತದೆ, ಅದಕ್ಕೆ ದಾರ ಸುತ್ತುವ ರೀಲೂ ಬೇಡ. ಕಿರಿದಾದ ತೊರೆಗೆ ಅದು ಸಾಕು. ಅಗಲವಾದ ಹೊಳೆಯಲ್ಲಿ ದೊಡ್ಡ ಮೀನು ಓಡಿದರೆ ಬಿಡಲು ದಾರವಿರುವುದಿಲ್ಲ.

ಕೋಲೊಂದನ್ನೇ ಇಟ್ಟು ತೃಪ್ತರಾಗುವವರೂ ಉಂಟು. ರೀಲು, ದಾರ, ತುದಿಗೆ ಕಟ್ಟುವ ಸಣ್ಣೆಳೆ, ಹತ್ತು ಹನ್ನೆರಡು ಹುಳು ಇವೆಲ್ಲ ಆ ಕೊಳವೆಯ ಪಕ್ಕದ ಚೀಲದಲ್ಲಿಯೇ ಇರಬೇಕು. ಮೊದಲ ಕೋಲಿನ ಚೀಲದಿಂದ ಸಾಲ ತರುವುದಾದರೆ, ಆ ಚೀಲವೇ ಕಳೆದುಹೋದ ದಿನ ಏನು ಮಾಡುವುದು?

ಮೋಟಾರು ಒಳ್ಳೆಯ ಉಗ್ರಾಣವಲ್ಲವೆಂಬುದನ್ನೂ ಹೇಳಬೇಕು. ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಗಾಡಿಯೊಳಗೆ ಉಷ್ಣ 50 ಡಿಗ್ರಿ ಸೆಂಟಿಗ್ರೇಡನ್ನು ಸುಲಭವಾಗಿ ಮೀರುತ್ತದೆ. ಬಿದಿರು ಕೋಲಿನ ವಾರ್ನಿಷಿಗೂ ಹಳೆಯ ಅಂಟಿಗೂ ಇದು ಶತ್ರು. ಬಿದಿರನ್ನು ಎಂದಿಗೂ ಗಾಡಿಯಲ್ಲಿ ಬಿಡತಕ್ಕದ್ದಲ್ಲ. ಇಂಗಾಲವೂ ಗಾಜಿನೆಳೆಯೂ ತಾಳುತ್ತವೆ. ಆದರೆ ದಾರದ ಮೇಲಿನ ಪ್ಲಾಸ್ಟಿಕ್ ಲೇಪ ಒಣಗಿ ಬಿರಿಯುತ್ತದೆ, ತುದಿಯ ಸಣ್ಣೆಳೆ ಪೆಡಸಾಗುತ್ತದೆ. ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲಂತೂ ಇಡಲೇಬಾರದು. ಸೀಟಿನ ಹಿಂದೆ, ನೆರಳಿನಲ್ಲಿ, ಸಾಮಾನಿನ ಭಾರ ಬೀಳದಂತೆ ಕಟ್ಟಿಡುವುದು ಮೇಲು. ಒದ್ದೆ ಕೋಲನ್ನು ಕೊಳವೆಗೆ ಹಾಕಿ ಮುಚ್ಚಿದರೆ ಬೂಷ್ಟು ಹಿಡಿಯುತ್ತದೆ. ಸೊಳ್ಳೆಯ ಎಣ್ಣೆ ಹಚ್ಚಿದ ಕೈಯಿಂದ ದಾರ ಮುಟ್ಟಿದರೆ ಲೇಪ ಕರಗೀತು. ವರ್ಷಕ್ಕೊಮ್ಮೆ ಎಲ್ಲವನ್ನೂ ಹೊರಗೆ ತೆಗೆದು, ಕೋಲನ್ನು ಜೋಡಿಸಿ ಅಂಗಳದಲ್ಲಿ ನಾಲ್ಕು ಸಲ ಬೀಸಿ, ಸಣ್ಣೆಳೆಯನ್ನು ಬದಲಾಯಿಸಿ, ತುಕ್ಕು ಹಿಡಿದ ಕೊಕ್ಕೆಗಳನ್ನು ಎಸೆಯಬೇಕು. ಗಾಳಿಯಿಲ್ಲದ ಸ್ಟೆಪ್ನಿ ಯಾರ ಕಷ್ಟಕ್ಕೂ ಆದದ್ದಿಲ್ಲ.

ಎರಡು ವರ್ಷಗಳ ಮೇಲೆ ಅದೇ ಸ್ನೇಹಿತರೊಡನೆ ಅದೇ ಹೊಳೆಗೆ ಹೋದೆವು. ಆ ಸಲ ಗಾಡಿಯಲ್ಲಿ ಬೂದು ಬಣ್ಣದ ಗಾಜಿನೆಳೆಯ ಕೋಲೊಂದು ಸಕಲ ಸಾಮಗ್ರಿಯೊಡನೆ ಸೀಟಿನ ಹಿಂದೆ ಮಲಗಿತ್ತು. ಅದನ್ನು ನೋಡಿದ ಮೇಲೆಯೇ ಅವರು ತಂದೆಯ ಕೋಲಿನ ಚೀಲವನ್ನು ಬಿಚ್ಚಿದ್ದು. ಮೈಸೂರಿನಲ್ಲಿ ಉಳಿದಿದ್ದ ತುದಿ ಈ ಸಲ ಬಂದಿತ್ತು. ಮೂರು ದಿನ ಬೂದು ಕೋಲಿಗೆ ಕೆಲಸವೇ ಬೀಳಲಿಲ್ಲ. ದಿನವಿಡೀ ರಸ್ತೆಯಲ್ಲಿ ಕಾದು ಬೇಸತ್ತ ಡ್ರೈವರು ಅದನ್ನು ಒಮ್ಮೆ ಹಿಡಿದು ನೋಡಲೇ ಎಂದು ಕೇಳಿದನು. ಪರವಾನಗಿ ಕೋಲಿಗಲ್ಲ, ಮನುಷ್ಯನಿಗೆ. ಆದ್ದರಿಂದ ಆ ದಿನ ಹಸುರು ಬಯಲಿನಲ್ಲಿ ಬೀಸುವುದನ್ನು ಮಾತ್ರ ಕಲಿಸಿ, ಮಾರನೆಯ ದಿನಕ್ಕೆ ಅವನ ಹೆಸರಿನಲ್ಲಿಯೂ ಚೀಟಿ ಬರೆಸಿದೆವು. ಅವನು ಮೂರು ಹುಳುಗಳನ್ನು ಮರಕ್ಕೆ ಸಿಕ್ಕಿಸಿ ಕಳೆದನು. ಸಂಜೆಯ ಹೊತ್ತಿಗೆ ಗೇಣುದ್ದದ ಮೀನೊಂದು ಅವನ ಗಾಳ ಕಚ್ಚಿತು. ಸ್ನೇಹಿತರು ಮೊಳಕಾಲು ನೀರಿಗೆ ಇಳಿದು ಅದನ್ನು ಬಿಡಿಸಿ, ಪ್ರವಾಹಕ್ಕೆ ಎದುರಾಗಿ ಹಿಡಿದು, ಅದು ಚೇತರಿಸಿಕೊಂಡ ಮೇಲೆ ಕೈಬಿಟ್ಟರು.

ಆ ರಾತ್ರಿ ತಂಗುವ ಮನೆಯ ಜಗುಲಿಯಲ್ಲಿ ಅವರು ಬಿದಿರಿನ ತುಂಡುಗಳನ್ನು ಒಂದೊಂದಾಗಿ ಬಟ್ಟೆಯಿಂದ ಒರೆಸಿ, ಗಾಳಿಗೆ ಆರಲು ಬಿಟ್ಟು, ಚೀಲಕ್ಕೆ ಹಾಕುವವರೆಗೂ ನಮ್ಮನ್ನು ಮೋಟಾರಿನ ಬಳಿಗೆ ಹೋಗಗೊಡಲಿಲ್ಲ.